ಅಣ್ಣ ಕಟ್ಟಿದ ಬಾಗಿನ

ಗೌರಿ ಹಬ್ಬ ಹತ್ತಿರ ಬಂತು ಅಂದರೆ ನನ್ನ ಬಸ್ಸಿಗೆ ಮೊರಗಳು ಹತ್ತಲು ಶುರುವಾಗುತ್ತವೆ. ಮೂಡಿಗೆರೆಯಿಂದ ಕಳಸದ ಮೇಲೆ ಸಂಸೆಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್ ನಾನು. ಈ ದಾರಿಯಲ್ಲಿ ಏನೇನು ಹತ್ತುವುದಿಲ್ಲ ಹೇಳಿ? ಕೋಳಿ ಹತ್ತುತ್ತದೆ, ಕಾಳುಮೆಣಸಿನ ಮೂಟೆ ಹತ್ತುತ್ತದೆ, ಒಮ್ಮೆ ಕಲ್ಲಿನ ಒರಳೂ ಹತ್ತಿತ್ತು. ಎಲ್ಲದಕ್ಕೂ ಲಗೇಜಿನ ಚೀಟಿ ಕೊಟ್ಟು, ಸೀಟಿನ ಕೆಳಗೆ ತಳ್ಳಿಸಿ, ಎರಡು ಮಾತು ಗದರಿ ಮುಂದೆ ಹೋಗುವವಳು ನಾನು. ಮೊರದ ಮುಂದೆ ಮಾತ್ರ ನನ್ನ ಜೋರು ನಡೆಯುವುದಿಲ್ಲ.

ಈ ಸಲ ಹಬ್ಬದ ವಾರ ಬಣಕಲ್‌ನಲ್ಲಿ ಒಬ್ಬಾತ ಹೊಸ ಮೊರಗಳ ಕಟ್ಟು ಹಿಡಿದು ಹತ್ತಿದ. ಹೊರಗೆ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು, ಬಸ್ಸಿನ ತುಂಬ ಒದ್ದೆ ಕೊಡೆಗಳ ವಾಸನೆ. ಅದರ ನಡುವೆ ಹಸಿ ಬಿದಿರಿನ ವಾಸನೆ ಬಂತು. ಮುಂದಿನ ಸೀಟಿನಲ್ಲಿ ಯಾರೋ ಆಗಷ್ಟೇ ಪುಡಿ ಮಾಡಿಸಿದ ಕಾಫಿಪುಡಿ ಮಡಿಲಲ್ಲಿ ಇಟ್ಟುಕೊಂಡಿದ್ದರು, ಅದರದ್ದೂ ಬಂತು. ಎರಡೂ ಒಟ್ಟಿಗೆ ಮೂಗಿಗೆ ತಾಗಿದ್ದೇ ತಡ, ನಾನು ಯಾರಿಗೋ ಕೊಡಬೇಕಾದ ಚಿಲ್ಲರೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಆಮೇಲೆ ಎಚ್ಚರಾಗಿ, ಇಬ್ಬರ ಜಾಗದಲ್ಲಿ ಕಾಲು ಚಾಚಿ ಕೂತಿದ್ದ ಒಬ್ಬ ಗಟ್ಟಿಮುಟ್ಟಾದ ಗಂಡಸನ್ನು ಸರಿಸಿ ಮೊರಗಳನ್ನು ಸೀಟಿನ ಮೇಲೆ ಕೂರಿಸಿದೆ. ಮೊರಕ್ಕೂ ಸೀಟು ಕೊಡುತ್ತಾರಾ ಎಂದು ಆತ ಗೊಣಗಿದ. ಗೌರಮ್ಮ ನಿಂತುಕೊಂಡು ಬರಬೇಕಾ ಎಂದು ಕೇಳಿದೆ. ಆತ ಇನ್ನಷ್ಟು ಸರಿದು ಕೂತ.

ಆ ಮಾತು ನನ್ನದಲ್ಲ. ಬಹಳ ವರ್ಷದ ಹಿಂದೆ ಇದೇ ದಾರಿಯಲ್ಲಿ ಇನ್ನೊಬ್ಬ ಕಂಡಕ್ಟರು ಹೇಳಿದ್ದು. ಆ ದಿನ ಮೊರ ಹಿಡಿದು ಹತ್ತಿದವನು ನನ್ನ ಅಣ್ಣ.

ಆಗ ನನಗೆ ಹದಿನೇಳು. ಗೋಣಿಬೀಡಿನಲ್ಲಿ ನಮ್ಮದೊಂದು ದಿನಸಿ ಅಂಗಡಿ. ಮುಂದೆ ಬೇಳೆ, ಬೆಲ್ಲ, ಸೋಪು. ಹಿಂದಿನ ಕೋಣೆಯಲ್ಲಿ ಕಾಫಿ ಹುರಿಯುವ ಡ್ರಮ್ಮು, ಪುಡಿ ಮಾಡುವ ಮಷೀನು. ಅಪ್ಪ ತೀರಿಕೊಂಡಾಗ ನಾನಿನ್ನೂ ಚಿಕ್ಕವಳು. ಅಂದಿನಿಂದ ಆ ಡ್ರಮ್ಮು ತಿರುಗಿಸಿದವಳು ಅಮ್ಮ. ಸೌದೆ ಬೆಂಕಿಯ ಮುಂದೆ ಕೂತು, ಬೀಜ ಎರಡನೇ ಸಲ ಚಟಚಟ ಅನ್ನುವುದನ್ನು ಕಿವಿಗೊಟ್ಟು ಕೇಳಿ, ತಟ್ಟನೆ ಇಳಿಸುವಳು. ಸುತ್ತಲಿನ ತೋಟದ ಲೆಕ್ಕ ಬರೆಯುವ ರೈಟರುಗಳ ಮನೆಯಿಂದ ಹಿಡಿದು ಕೂಲಿಯಾಳುಗಳ ಲೈನಿನ ಮನೆಗಳವರೆಗೆ ಎಲ್ಲರೂ 'ನಿಮ್ಮನೆ ಪುಡಿ' ಎಂದೇ ಕೇಳಿ ಒಯ್ಯುತ್ತಿದ್ದರು. ಒಂದು ಮಳೆಗಾಲ ಅಮ್ಮನೂ ಜ್ವರ ಬಂದು ಹೋದಳು. ಅಣ್ಣನಿಗೆ ಆಗಿನ್ನೂ ಮೀಸೆ ಸರಿಯಾಗಿ ದಪ್ಪವಾಗಿರಲಿಲ್ಲ. ಅಂಗಡಿ ನೋಡಿಕೊಂಡ, ಡ್ರಮ್ಮು ತಿರುಗಿಸಿದ, ನನಗೆ ಜಡೆ ಹಾಕಲು ಹೋಗಿ ಎರಡು ದಿನ ನನ್ನನ್ನು ಶಾಲೆಯಲ್ಲಿ ನಗೆಪಾಟಲು ಮಾಡಿದ, ಎರಡು ವರ್ಷ ಕಳೆದ ಮೇಲೆ ಅಕ್ಕನನ್ನು ಸಂಸೆಗೆ ಕೊಟ್ಟು ಮದುವೆ ಮಾಡಿದ.

ಮದುವೆಯಾದ ಮೊದಲ ಗೌರಿಗೆ ತವರಿನಿಂದ ಬಾಗಿನ ಹೋಗಬೇಕು. ಒಯ್ಯುವುದು ಅಣ್ಣತಮ್ಮಂದಿರ ಕೆಲಸ, ಅದರಲ್ಲಿ ವಿಶೇಷವಿಲ್ಲ. ಆದರೆ ಮೊರ ತುಂಬುವುದು ತಾಯಿ. ಸೆರಗು ಮರೆ ಮಾಡಿ ಕೊಡುವುದು ಮುತ್ತೈದೆ. ನಮ್ಮ ಮನೆಯಲ್ಲಿ ಇಬ್ಬರೂ ಇರಲಿಲ್ಲ. ಮದುವೆಯ ದಿನ ಊಟದ ಪಂಕ್ತಿಯಲ್ಲೇ ಗಂಡಿನ ಕಡೆಯ ಯಾರೋ ಹೆಂಗಸು, ತಾಯಿಯಿಲ್ಲದ ಮನೆಯಿಂದ ಹಬ್ಬ ಹುಣ್ಣಿಮೆಗೆ ಎಂತ ಬಂದೀತು ಎಂದಿದ್ದಳು. ಬಡಿಸುತ್ತಿದ್ದ ಅಣ್ಣನಿಗೆ ಅದು ಕೇಳಿಸಿತ್ತು. ಅಕ್ಕನಿಗೂ ಕೇಳಿಸಿತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಅಕ್ಕ ಸಂಸೆಯಿಂದ ಅಂಗಡಿಗೆ ಫೋನು ಮಾಡಿದಳು. ಬಾಗಿನದ ಮಾತೇ ಎತ್ತಲಿಲ್ಲ. ಅಲ್ಲಿ ಮಳೆ ಜಾಸ್ತಿಯಾ, ಬಸ್ಸು ಬಿಡ್ತಿದಾರಾ ಎಂದು ಮತ್ತೆ ಮತ್ತೆ ಕೇಳಿದಳು. ಫೋನಿಟ್ಟ ಮೇಲೆ ಅಣ್ಣ ತೂಗಿಟ್ಟಿದ್ದ ಬೆಲ್ಲವನ್ನೇ ಮತ್ತೆ ತಕ್ಕಡಿಗೆ ಹಾಕಿ ತೂಗಿದ. ತವರು ಇದೆಯೋ ಇಲ್ಲವೋ ಎಂದು ಅವಳು ಕೇಳಿದ್ದಾಳೆ ಅನ್ನುವುದು ನನಗೇ ಗೊತ್ತಾಗಿತ್ತು, ಅವನಿಗೆ ಗೊತ್ತಾಗದೆ ಇರುತ್ತದೆಯೇ?

ಮೂಡಿಗೆರೆಯಿಂದ ದೊಡ್ಡಮ್ಮ ಬಂದಳು. ಅಮ್ಮನ ಅಕ್ಕ. ಅಪ್ಪ ಹೋದ ಮೇಲೆ ನಮ್ಮನೆಯ ಎಲ್ಲ ಮಂಗಳಕಾರ್ಯಕ್ಕೂ ಅಮ್ಮನ ಜಾಗದಲ್ಲಿ ನಿಂತು ಆರತಿ ಎತ್ತಿದವಳು ಅವಳೇ. ಒಳ್ಳೆಯವಳು, ಬಾಯಿ ಮಾತ್ರ ಹರಿತ. ತಾಯಿಯ ಕೈ ತಾಗದ ಬಾಗಿನ ಬಾಗಿನವೇ ಅಲ್ಲ, ಗಂಡು ಹುಡುಗ ಮೊರ ತುಂಬಿದ ಅಂತ ನಾಲ್ಕು ಜನ ನಗುತ್ತಾರೆ, ನಾನೇ ನನ್ನ ಮನೆಯಿಂದ ಕಳಿಸುತ್ತೇನೆ, ನೀನು ನಿಶ್ಚಿಂತೆಯಿಂದ ಅಂಗಡಿ ನೋಡಿಕೋ ಎಂದಳು. ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಬಾಗಿನ ಮೂಡಿಗೆರೆಯಿಂದ ಹೋದರೆ ಅಕ್ಕನ ತವರು ಮೂಡಿಗೆರೆಯೇ ಆಗುತ್ತಿತ್ತು. ಅಣ್ಣ ತೊಗರಿಬೇಳೆ ತೂಗುತ್ತಿದ್ದವನು ತಲೆಯೆತ್ತಲಿಲ್ಲ.

"ಬೇಡ ದೊಡ್ಡಮ್ಮ," ಎಂದ. "ಗೋಣಿಬೀಡಿಂದನೇ ಹೋಗ್ಬೇಕು."

ಊರಿಗೊಂದು ದಾರಿಯಾದರೆ ಈ ಪೋರನಿಗೊಂದು ದಾರಿ ಎಂದು ಬೈದು, ಮಾಡಿಟ್ಟ ಕಾಫಿಯನ್ನೂ ಕುಡಿಯದೆ ದೊಡ್ಡಮ್ಮ ಬಸ್ಸು ಹತ್ತಿದಳು.

ಮಾರನೆಯ ದಿನದಿಂದ ನಮ್ಮ ಅಂಗಡಿಗೆ ಸಾಮಾನಿಗೆ ಬಂದ ಒಬ್ಬ ಹೆಂಗಸೂ ತಪ್ಪಿಸಿಕೊಳ್ಳಲಿಲ್ಲ. ಸಕ್ಕರೆ ಕಟ್ಟುತ್ತ, ಅಮ್ಮಾ ಬಾಗಿನಕ್ಕೆ ಏನೇನು ಹಾಕ್ತಾರೆ ಎಂದು ಅಣ್ಣ ಕೇಳುವನು. ಒಬ್ಬೊಬ್ಬರದ್ದು ಒಂದೊಂದು. ಒಬ್ಬರು ಅಕ್ಕಿ, ಬೇಳೆ, ಬೆಲ್ಲ ಎಂದರು. ಇನ್ನೊಬ್ಬರು ಕನ್ನಡಿ, ಬಾಚಣಿಗೆ, ಕಾಡಿಗೆಯಿಲ್ಲದೆ ಬಾಗಿನವೇ ಎಂದು ಮೂಗು ಮುರಿದರು. ರವಿಕೆ ಕಣ ಮರೀಬೇಡ ಮಾರಾಯ ಎಂದು ಮತ್ತೊಬ್ಬರು. ಲೈನಿನ ಮನೆಯ ಒಬ್ಬಾಕೆ, ಬರೀ ಮಗಳಿಗೆ ಕೊಟ್ಟರೆ ಹೇಗೆ, ಅತ್ತೆಗೂ ಒಂದು ಕೊಡಬೇಕು ಎಂದಳು. ಅಣ್ಣ ಯಾರ ಮಾತನ್ನೂ ತಳ್ಳಿಹಾಕಲಿಲ್ಲ. ಎಲ್ಲರೂ ಹೇಳಿದ್ದೆಲ್ಲವನ್ನೂ ಹಾಕಿದ, ಅದೂ ಎರಡೆರಡು. ಬಾಗಿನವೆಂದರೆ ತುಂಬಿದ ಮೊರದ ಮೇಲೆ ಇನ್ನೊಂದು ಮೊರ ಕವುಚಿ ಮುಚ್ಚಬೇಕು. ಇವನ ಮೊರಗಳು ಗುಡ್ಡದ ಹಾಗೆ ತುಂಬಿ, ಮೇಲಿನ ಮೊರ ಕೂರುವುದೇ ಇಲ್ಲ. ಕೊನೆಗೆ ಗೋಣಿಚೀಲ ಹೊಲಿಯುವ ದಾರದಿಂದ, ಅಂಗಡಿಯ ಗಂಟು ಹಾಕಿ, ಮೊಣಕಾಲು ಕೊಟ್ಟು ಬಿಗಿದ. ಅವನು ಕಟ್ಟಿದ ಗಂಟು ಬಿಚ್ಚಲು ಅವನಿಗೇ ಬರುತ್ತಿರಲಿಲ್ಲ.

ಅದಕ್ಕೂ ಮೊದಲು ಇನ್ನೊಂದು ಪಂಚಾಯಿತಿ. ಮೊರಕ್ಕೆ ಅರಿಶಿನ ಬಳಿದು ಒಣಗಿಸಬೇಕು. ಬಿಸಿಲೆಲ್ಲಿದೆ? ವಾರದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಅಣ್ಣ ಆ ನಾಲ್ಕು ಮೊರಗಳನ್ನು ಹುರಿಯುವ ಡ್ರಮ್ಮಿನ ಮೇಲಿನ ಅಟ್ಟಕ್ಕೆ ತೂಗುಹಾಕಿ, ಕೆಳಗೆ ಕಾಫಿ ಹುರಿದ. ಮೊರಗಳು ಗರಿಗರಿಯಾಗಿ ಒಣಗಿದವು. ಬಿದಿರು, ಅರಿಶಿನ, ಕಾಫಿ ಮೂರೂ ಸೇರಿದ ಒಂದು ವಾಸನೆ ಅವಕ್ಕೆ ಹಿಡಿಯಿತು. ನನ್ನ ಬಸ್ಸಿನಲ್ಲಿ ನನಗೆ ಬಡಿದದ್ದು ಅದೇ.

ಎಲ್ಲ ತುಂಬಿದ ಮೇಲೂ, ಇನ್ನೂ ಕಟ್ಟುವ ಮೊದಲು, ಅಣ್ಣ ಮೊರಗಳನ್ನೇ ನೋಡುತ್ತ ನಿಂತಿದ್ದ. ಏನೋ ಕಮ್ಮಿಯಾಗಿದೆ ಎಂದ. ನನಗೆ ನಗು ಬಂತು, ಅಂಗಡಿಯೇ ಅದರೊಳಗಿತ್ತು. ಅವನು ಹಿಂದಿನ ಕೋಣೆಗೆ ಹೋಗಿ, ಒಳ್ಳೆಯ ಬೀಜ ಆರಿಸಿ, ಅಮ್ಮ ಕೂರುತ್ತಿದ್ದ ಮಣೆಯ ಮೇಲೆಯೇ ಕೂತು ಹುರಿದ. ಪುಡಿ ಮಾಡಿ ಎರಡು ಪೊಟ್ಟಣ ಕಟ್ಟಿ ಒಂದೊಂದನ್ನು ಒಂದೊಂದು ಮೊರಕ್ಕೆ ಇಟ್ಟ. ಬಾಗಿನಕ್ಕೆ ಯಾರಾದರೂ ಕಾಫಿಪುಡಿ ಹಾಕುತ್ತಾರಾ ಎಂದು ನಾನು ಕೇಳಿದೆ. ಹಾಕಬೇಡ ಅಂತ ಯಾರೂ ಹೇಳಲಿಲ್ಲವಲ್ಲ ಎಂದ.

ಹಬ್ಬದ ದಿನ ಬೆಳಿಗ್ಗೆಯೇ ಹೊರಟೆವು. ಮೊರ ನೆಲಕ್ಕೆ ತಾಗಬಾರದೆಂದು ಯಾವಳೋ ಪುಣ್ಯಾತ್ಗಿತ್ತಿ ಹೇಳಿಬಿಟ್ಟಿದ್ದಳು. ಹಾಗಾಗಿ ಅಣ್ಣ ಅವನ್ನು ತೊಡೆಯ ಮೇಲೆ, ಇಲ್ಲವೇ ತಲೆಯ ಮೇಲೆ ಇಟ್ಟುಕೊಂಡೇ ಬಂದ. ಮೂಡಿಗೆರೆಯಲ್ಲಿ ಬಸ್ಸು ತುಂಬಿತ್ತು. ದಪ್ಪ ಮೀಸೆಯ ಕಂಡಕ್ಟರು ಇವನನ್ನು ನೋಡಿದರು, ಮೊರ ನೋಡಿದರು, ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದವನನ್ನು ತಟ್ಟಿ ಎಬ್ಬಿಸಿದರು. ಗೌರಮ್ಮ ನಿಂತುಕೊಂಡು ಬರಬೇಕಾ ಎಂದು ಅವರು ಕೇಳಿದ್ದು ಆಗಲೇ. ಕೊಟ್ಟಿಗೆಹಾರ ದಾಟಿದ ಮೇಲೆ ರಸ್ತೆಗೆ ಮರ ಬಿದ್ದಿತ್ತು. ಗಂಡಸರೆಲ್ಲ ಕತ್ತಿ ಹಿಡಿದು ಇಳಿದರು. ಅಣ್ಣನಿಗೆ ಇಳಿಯಲಾಗದ ಸಂಕಟ, ಕೂರಲಾಗದ ಸಂಕಟ. ಕೊನೆಗೆ ಆ ಕಂಡಕ್ಟರೇ ಅವನಿಗೆ, ನೀನು ಅಲ್ಲೇ ಕೂತಿರು ಮಾರಾಯ, ನಿನ್ನ ಪಾಲಿನ ಕೊಂಬೆ ನಾನು ಕಡಿಯುತ್ತೇನೆ ಎಂದರು. ಕಳಸದಿಂದ ಸಂಸೆಗೆ ಜೀಪು. ಒಳಗೆ ಜಾಗವಿಲ್ಲದೆ ಅಣ್ಣ ಹಿಂದೆ ಜೋತುಬಿದ್ದು ನಿಂತ, ತಲೆಯ ಮೇಲೆ ಪ್ಲಾಸ್ಟಿಕ್ ಸುತ್ತಿದ ಎರಡು ಬಾಗಿನ, ಒಂದು ಕೈಯಲ್ಲಿ ಕಂಬಿ. ಪ್ರತಿ ತಿರುವಿನಲ್ಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಅಕ್ಕ ಜಗಲಿಯ ಕಂಬಕ್ಕೆ ಒರಗಿ ರಸ್ತೆ ನೋಡುತ್ತ ನಿಂತಿದ್ದಳು. ಜೀಪು ನಿಂತದ್ದು ಕಂಡು ಓಡಿ ಬಂದವಳು, ಹತ್ತಿರ ಬಂದ ಮೇಲೆ ಅಣ್ಣನ ಒದ್ದೆ ಅಂಗಿ ಹಿಡಿದುಕೊಂಡಳು.

ಅವಳ ಅತ್ತೆ ರುದ್ರಮ್ಮನವರು ಎತ್ತರದ ಆಳು, ಕಮ್ಮಿ ಮಾತು. ಗಂಡ ಹೋದ ಮೇಲೆ ಗದ್ದೆ, ತೋಟ ಎರಡನ್ನೂ ಒಬ್ಬರೇ ನೋಡಿಕೊಂಡು ಮಗನನ್ನು ಬೆಳೆಸಿದವರು. ಹಣೆಯಲ್ಲಿ ವಿಭೂತಿ ಬಿಟ್ಟು ಬೇರೇನಿಲ್ಲ. ಅವರನ್ನು ಕಂಡರೆ ಅಕ್ಕನಿಗೆ ಇನ್ನೂ ಹೆದರಿಕೆ, ನನಗೆ ಅದಕ್ಕಿಂತ ಹೆಚ್ಚು. ಕಾಲು ತೊಳೆದು ಒಳಗೆ ಬನ್ನಿ ಎಂದರು. ಒಳಗೆ ಗೌರಿಯ ಪೂಜೆ ಮುಗಿದು, ಅಕ್ಕಪಕ್ಕದ ಹೆಂಗಸರು ಐದಾರು ಜನ ಕೂತಿದ್ದರು. ಮದುವೆಯ ಪಂಕ್ತಿಯಲ್ಲಿ ಮಾತಾಡಿದ್ದ ಹೆಂಗಸೂ ಇದ್ದಳು.

ರುದ್ರಮ್ಮನವರು ಮೊರಗಳನ್ನು ನೋಡಿ, ನಿಮ್ಮ ಕಡೆಯಿಂದ ಕೊಡಲು ಒಬ್ಬ ಮುತ್ತೈದೆ ಬೇಕಲ್ಲ, ಪಕ್ಕದ ಮನೆಯವರು ನಿಮ್ಮ ಪರವಾಗಿ ಕೊಡಲಿ ಎಂದರು. ಅವರು ಉಪಕಾರಕ್ಕೇ ಹೇಳಿದ್ದು. ಅಣ್ಣ ತಲೆಯಾಡಿಸಿದ.

"ಬೇಡ ಅಮ್ಮ. ನಾನೇ ಕೊಡ್ತೀನಿ."

ಯಾರೋ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅಣ್ಣ ಹಲ್ಲಿನಿಂದ ಕಚ್ಚಿ ಗಂಟು ಬಿಚ್ಚಿದ. ಆಮೇಲೆ ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು, ಹೆಂಗಸರು ಸೆರಗು ಮರೆ ಮಾಡುವ ಹಾಗೆಯೇ ಮೊರದ ಮೇಲೆ ಎಳೆದುಕೊಂಡು, ಅಕ್ಕನ ಮುಂದೆ ಹಿಡಿದ. ಅಮ್ಮ ತುಂಬಿ ಕೊಟ್ಟ ಮೊರಗಳನ್ನು ದೊಡ್ಡಮ್ಮ ಹಾಗೆ ಹಿಡಿಯುವುದನ್ನು ಅವನು ನೋಡಿದ್ದ, ನೋಡಿದ್ದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದ. ಅಕ್ಕ ಸೆರಗೊಡ್ಡಿ ತೆಗೆದುಕೊಂಡಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನಕ್ಕವರು ಬಾಯಿಂದ ಸೆರಗು ತೆಗೆದರು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಣ್ಣ ಎರಡನೇ ಬಾಗಿನ ಎತ್ತಿದ. ಅದೇ ಟವೆಲ್ಲು ಮುಚ್ಚಿ, ನೇರವಾಗಿ ಹೋಗಿ ರುದ್ರಮ್ಮನವರ ಮುಂದೆ ನಿಂತ.

ಗಂಡ ಸತ್ತವರಿಗೆ ಬಾಗಿನ ಕೊಡುವುದಿಲ್ಲ. ಇದು ಯಾವ ಹೆಂಗಸಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಅಣ್ಣ ಕೇಳಿದಾಗ ಯಾರೂ ಹೇಳಿರಲೂ ಇಲ್ಲ. ಅತ್ತೆಗೆ ಕೊಡು ಎಂದ ಲೈನಿನ ಮನೆಯಾಕೆಗೆ ಅಕ್ಕನ ಅತ್ತೆ ಯಾರೆಂದು ಏನು ಗೊತ್ತು? ಅಷ್ಟು ದಿನ ಎರಡೆರಡು ಪೊಟ್ಟಣ ಕಟ್ಟಿಕೊಟ್ಟ ನನಗೂ ಹೊಳೆದಿರಲಿಲ್ಲ. ತನ್ನ ಮೊರವನ್ನು ಗೌರಿಯ ಮುಂದಿಟ್ಟು ಬಂದ ಅಕ್ಕ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇದ್ಯಾರಿಗಪ್ಪ?" ರುದ್ರಮ್ಮನವರು ಕೇಳಿದರು.

"ನಿಮಗೆ ಅಮ್ಮ."

ಅವರು ಹಣೆಯ ವಿಭೂತಿಗೆ ಬೆರಳು ಮುಟ್ಟಿಸಿದರು. "ನನ್ನ ಹಣೆ ನೋಡಿದ್ಯಲ್ಲ. ನಂಗೆ ಯಾರೂ ಬಾಗಿನ ಕೊಡಲ್ಲ. ಕೊಡೋ ಹಾಗಿಲ್ಲ."

ಅಣ್ಣನ ಕಿವಿಗಳು ಕೆಂಪಾದವು. ಈಗ ಮೊರ ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಎಲ್ಲ ಮುಗಿಯಿತು, ಅಕ್ಕನನ್ನು ಇವರು ಇನ್ನು ಜನ್ಮವಿಡೀ ಆಡಿಕೊಳ್ಳುತ್ತಾರೆ ಎಂದುಕೊಂಡೆ. ಅವನು ಮೊರ ಎಳೆದುಕೊಳ್ಳಲಿಲ್ಲ.

"ನಂಗೆ ಗೊತ್ತಾಗ್ಲಿಲ್ಲ ಅಮ್ಮ," ಎಂದ. "ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಮ್ಮಮ್ಮನೂ ಅಪ್ಪ ಹೋದ ಮೇಲೆ ಪ್ರತಿ ವರ್ಷ ಮೊರ ತುಂಬ್ಸಿ ಕೊಟ್ಟು, ಒಳಗೆ ಹೋಗಿ ಡ್ರಮ್ಮಿನ ಮುಂದೆ ಕೂತ್ಕೊಳ್ಳೋಳು. ಅವಳಿಗೂ ಯಾರೂ ಕೊಡ್ಲಿಲ್ಲ. ಇದ್ರಲ್ಲಿ ಅವಳು ಹುರೀತಿದ್ದ ಹಾಗೇ ಹುರ್ದಿರೋ ಕಾಫಿಪುಡಿ ಇದೆ. ಅವಳ ಕೈದು ಅಂತ ನಮ್ಮನೇಲಿ ಉಳ್ದಿರೋದು ಅದೊಂದೇ. ತಗೊಳ್ಳಿ."

ರುದ್ರಮ್ಮನವರು ಗೌರಿಯ ಕಡೆ ಒಮ್ಮೆ ನೋಡಿದರು. ಕೂತ ಹೆಂಗಸರ ಕಡೆ ನೋಡಲೇ ಇಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ, ಎರಡೂ ಕೈಯ ಮೇಲೆ ಹರಡಿ, ಮುಂದೆ ಚಾಚಿದರು. ಮೊರ ಕೈಗೆ ಬಂದಾಗ ಸ್ವಲ್ಪ ಬಗ್ಗಿದರು.

"ಎಂತ ಭಾರ ಮಾರಾಯ ಇದು," ಎಂದರು.

ಆಮೇಲೆ ಮೊರವನ್ನು ದೇವರ ಮುಂದಿಟ್ಟು, ಪೊಟ್ಟಣ ಒಡೆದು, ತಾವೇ ಒಲೆಯ ಮುಂದೆ ನಿಂತು ಕಾಫಿ ಮಾಡಿದರು. ಬಂದವರಿಗೆಲ್ಲ ಕೊಟ್ಟರು, ಪಂಕ್ತಿಯಲ್ಲಿ ಮಾತಾಡಿದವಳಿಗೆ ಮೊದಲು ಕೊಟ್ಟರು. ತಾವು ಕೊನೆಯಲ್ಲಿ ಕುಡಿದು, ಲೋಟ ಕೆಳಗಿಟ್ಟು, ನಿಮ್ಮಮ್ಮನ ಹದ ಚೆನ್ನಾಗಿದೆ ಎಂದರು. ಚೆನ್ನಾಗಿತ್ತು ಅನ್ನಲಿಲ್ಲ, ಚೆನ್ನಾಗಿದೆ ಅಂದರು. ತಾಯಿಯಿಲ್ಲದ ಮನೆ ಎಂಬ ಮಾತನ್ನು ಆಮೇಲೆ ಆ ಊರಿನಲ್ಲಿ ನಾನು ಕೇಳಿಲ್ಲ.

ವಾಪಸು ಬರುವಾಗ ಅಣ್ಣ ಕಿಟಕಿಗೆ ತಲೆ ಕೊಟ್ಟು ಬಾಯಿ ತೆರೆದು ನಿದ್ದೆ ಮಾಡಿದ. ಅಂಗಿಗೆಲ್ಲ ಅರಿಶಿನ ಮೆತ್ತಿತ್ತು. ನನಗೆ ಅವನನ್ನು ಬಸ್ಸಿನವರಿಗೆಲ್ಲ ತೋರಿಸಿ, ಇವನು ನನ್ನ ಅಣ್ಣ ಎಂದು ಹೇಳಬೇಕೆನಿಸಿತ್ತು. ಮುಂದೆ ನಾನು ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದಾಗ, ಹೆಣ್ಣುಮಗಳು ಬಸ್ಸಿನಲ್ಲಿ ಜೋತಾಡುವುದಾ ಎಂದು ಊರೆಲ್ಲ ಕೇಳಿದರೂ ಅವನು ಮಾತ್ರ ಸಂಸೆಯ ರೂಟು ಸಿಗುತ್ತದಾ ಎಂದು ಕೇಳಿದ. ನಾನು ಇವತ್ತು ನನ್ನ ಕಾಲ ಮೇಲೆ ನಿಂತಿರುವುದು ಅವನಿಂದ. ಇದನ್ನು ಅವನೆದುರು ಹೇಳಿದರೆ, ಕಡಲೆಬೇಳೆ ತೂಗಬೇಕು, ಸರಿ ಆಚೆ ಎನ್ನುತ್ತಾನೆ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಆ ಮೊದಲ ವರ್ಷ ಮೊರದಲ್ಲಿದ್ದ ಬಳೆಗಳನ್ನು ರುದ್ರಮ್ಮನವರು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ್ದರು. ಮರುವರ್ಷವೂ ಅಣ್ಣ ಎರಡು ಬಾಗಿನ ಒಯ್ದ. ಮೂರನೇ ವರ್ಷ ಅವರೇ ಅಕ್ಕನ ಕೈಲಿ ಫೋನು ಮಾಡಿಸಿ, ಬಳೆಯ ಅಳತೆ ಚಿಕ್ಕದಾಗುತ್ತಿದೆ, ಒಂದು ಸುತ್ತು ದೊಡ್ಡದು ತರಲು ಹೇಳು ಎಂದರು. ಅಣ್ಣ ಆ ದಿನ ಅಂಗಡಿಗೆ ಬಂದವರಿಗೆಲ್ಲ ಸುಮ್ಮಸುಮ್ಮನೆ ನಗುತ್ತಿದ್ದ. ಈಗ ಸಂಸೆಯ ಎಷ್ಟೋ ಮನೆಗಳಲ್ಲಿ ಬಾಗಿನಕ್ಕೆ ಕಾಫಿಪುಡಿ ಇಡುತ್ತಾರೆ. ಹಿಂದಿನಿಂದ ಬಂದ ಪದ್ಧತಿ ಎಂದು ಹೊಸ ಸೊಸೆಯಂದಿರಿಗೆ ಹೇಳಿಕೊಡುತ್ತಾರಂತೆ. ನಾನು ಬಾಯಿ ಬಿಡುವುದಿಲ್ಲ, ಒಳಗೊಳಗೇ ಬೀಗುತ್ತೇನೆ.

ರುದ್ರಮ್ಮನವರಿಗೆ ಈಗ ದೂರ ಓಡಾಡಲು ಆಗುವುದಿಲ್ಲ. ಹಾಗಾಗಿ ಗೌರಿಗೆ ನಾವೆಲ್ಲ ಸೇರುವುದು ಸಂಸೆಯಲ್ಲೇ. ಈ ಸಲ ನನಗೆ ರಜೆ ಸಿಗಲಿಲ್ಲ, ಆದರೆ ಡ್ಯೂಟಿಯೇ ಅಲ್ಲಿಗೆ. ಮೂಡಿಗೆರೆಯಲ್ಲಿ ಅಣ್ಣ, ಅತ್ತಿಗೆ, ಮಕ್ಕಳು, ಮೊರಗಳು ನನ್ನ ಬಸ್ಸನ್ನೇ ಹತ್ತಿದರು. ಜೊತೆಗೆ ದೊಡ್ಡಮ್ಮ. ದೊಡ್ಡಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಗೌರಿ ಅವಳಿಗೆ. ಬರುವುದಿಲ್ಲ ಎಂದು ಹಠ ಹಿಡಿದವಳನ್ನು ಅಣ್ಣನೇ ಹೋಗಿ ಕರೆತಂದಿದ್ದ. ಸಂಸೆಯಲ್ಲಿ ಬಸ್ಸು ನಿಲ್ಲುವ ಹೊತ್ತಿನಲ್ಲಿ ನಾನೂ ಖಾಕಿಯಲ್ಲೇ ಅಕ್ಕನ ಮನೆಗೆ ಓಡಿದೆ. ಸೆರಗಿಲ್ಲದ ನನಗೆ ಅಣ್ಣ ತನ್ನ ಟವೆಲ್ಲು ಕೊಟ್ಟ. ಅದನ್ನೇ ಒಡ್ಡಿದೆ, ಅತ್ತಿಗೆ ಬಾಗಿನ ಕೊಟ್ಟಳು. ಅಕ್ಕನಿಗಾಯಿತು, ರುದ್ರಮ್ಮನವರಿಗಾಯಿತು. ಇನ್ನೂ ಒಂದು ಮೊರ ಉಳಿದಿತ್ತು.

ದೊಡ್ಡಮ್ಮ ಗೋಡೆಗೆ ಒರಗಿ, ಬರಿಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಅಣ್ಣ ನನ್ನಿಂದ ಟವೆಲ್ಲು ಇಸಿದುಕೊಂಡ, ಮೊರದ ಮೇಲೆ ಎಳೆದ, ಅವಳ ಮುಂದೆ ಮಂಡಿಯೂರಿದ. ಅವಳು ಬೇಡವೆಂದು ತಲೆಯಾಡಿಸುತ್ತಲೇ ಇದ್ದಳು. ಅಣ್ಣ ಮೊರ ಹಿಡಿದೇ ಇದ್ದ.

ಆಗ ರುದ್ರಮ್ಮನವರು ಕೋಲೂರಿ ಎದ್ದು ಬಂದು ಅವಳ ಪಕ್ಕ ಕೂತರು. ಅವಳ ಸೆರಗನ್ನು ತಾವೇ ಬಿಡಿಸಿ, ಕೈಗಳ ಮೇಲೆ ಹರಡಿದರು.

"ಎರಡೂ ಕೈಲಿ ಹಿಡ್ಕೊಳಿ ಅಕ್ಕಾ," ಎಂದರು. "ನಮ್ಮ ತವರಿನ ಬಾಗಿನ ಭಾರ ಇರ್ತದೆ."